ಬಿಪಿ ಗುಳಿಗಿಯ ಕೊಕ್ಕರಿ

ನಿನ್ನೆ ಸಂಜಿಗೆ ಮೆಡಿಕಲ್ ಶಾಪಿನ ಮುಂದ ನಿಂತು ಪರ್ಸಿಗೆ ಕೈ ಹಾಕಿದ್ರ, ಡಾಕ್ಟರ್ ಚೀಟಿ ಬದಲಿ ಕಾಗದದ ಕೊಕ್ಕರಿ ಬಂತು.

"ಚೀಟಿ ಮಡಚಿ ಪರ್ಸಿನ್ಯಾಗ ಇಟ್ಟೀನಿ" ಅಂತ ನಮ್ಮನಿಯವ್ರು ಹೇಳಿದ್ರು. ಆ 'ಮಡಚಿ' ಅನ್ನೋ ಮಾತಿಗೇ ನಾ ಹುಷಾರಾಗಬೇಕಿತ್ತು.

"ಅಕ್ಕಾರ, ಇದೇನ್ರಿ?" ಅಂದ ಕೌಂಟರಿನ ಹುಡುಗ.

"ಚೀಟಿ ಐತಪಾ. ಬಿಪಿ ಗುಳಿಗಿದು."

ಹಿಂದ ಆರೇಳು ಮಂದಿ ನಿಂತಿದ್ರು. ಒಬ್ಬ ಅಜ್ಜಾರು ಬಗ್ಗಿ ನೋಡಿ, "ಬಾಲ ಜಗ್ಗು ತಮ್ಮಾ, ರೆಕ್ಕಿ ಬಡಿತೈತಿ" ಅಂದ್ರು. ಹುಡುಗ ಜಗ್ಗಿದ. ಖರೇನ ಬಡೀತು. ಗಲ್ಲಾದ ಮ್ಯಾಲ ಕುಂತ ಮಾಲಕರೂ ಎದ್ದು ಬಂದು ಒಂದ್ಸಲ ಜಗ್ಗಿದ್ರು. ಕೆಮ್ಮಿನ ಔಷಧಕ್ಕ ಬಂದಿದ್ದ ಕೂಸು ಕೆಮ್ಮೋದು ಬಿಟ್ಟು, "ನಂಗ ಬೇಕು" ಅಂತ ಅಳಾಕ ಹತ್ತಿತು.

ಕಡೀಕ ಬಿಚ್ಚಿದ್ರು. ಕಾಗದದ ತುಂಬ ಮಡಿಕಿ. ಮೊದಲ ಡಾಕ್ಟರ್ ಅಕ್ಷರ, ಅದರ ಮ್ಯಾಲ ಇದು. "ಇದು 1-0-1 ಐತೋ, 1-1-1 ಐತೋ? ನಡುವಿಂದು ಸೊನ್ನಿನೋ, ರೆಕ್ಕಿನೋ ಗೊತ್ತಾಗವಲ್ದು" ಅಂತ ಹುಡುಗ ತಲಿ ಕೆರಕೊಂಡ. ಮಾಲಕರು ಚೀಟಿ ತಿರುಗಿಸಿ ಮುರುಗಿಸಿ, "ಡಾಕ್ಟರ್ ಸಹಿ ಎಲ್ಲೈತ್ರಿ?" ಅಂದ್ರು. ಎಲ್ಲಿರತೈತಿ? ಕೊಕ್ಕರಿಗೆ ಚೌಕ ಕಾಗದ ಬೇಕಲ್ಲ, ಕೆಳಗಿನ ನಾಕು ಬೆರಳಷ್ಟು ಹರದು ಒಗದಿದ್ರು ನಮ್ಮ ಕಲಾವಿದರು. ಸಹಿ ಕಸದ ಡಬ್ಬ್ಯಾಗ. ಗುಳಿಗಿ ಸಿಗಲಿಲ್ಲ. ಬಿಪಿ ಮಾತ್ರ ಪುಕ್ಕಟ ಏರ್ತು. ಆ ಕೂಸು ನಾ ಮೆಟ್ಟಲಾ ಇಳಿಯೋತನಾ ಅಳತಿತ್ತು.

ರಿಟೈರ್ ಆಗಿ ಮೂರು ತಿಂಗಳಾತು ಇವರು. ಮಗಳು ಫೋನಿನ್ಯಾಗ ಯಾವುದೋ ವಿಡಿಯೋ ಕಳಿಸಿದ್ಲು: ಕಾಗದ ಮಡಚೋದು ಅಂದ್ರ ಧ್ಯಾನ, ಮನಸ್ಸು ಶಾಂತ, ಪರಿಸರಕ್ಕೂ ಛಲೋ. ಅವತ್ತಿಂದ ಈ ಓರಿಗಾಮಿ ಸುರು. ಜಪಾನಿ ಭಾಷಾದಾಗ 'ಓರಿ' ಅಂದ್ರ ಮಡಚೋದು, 'ಕಾಮಿ' ಅಂದ್ರ ಕಾಗದ ಅಂತ ಹಾಲು ಹಾಕೋ ಹುಡುಗನ್ನೂ ನಿಂದ್ರಿಸಿ ಹೇಳ್ತಾರ. ಸಾವಿರ ಕೊಕ್ಕರಿ ಮಡಚಿದ್ರ ಬೇಡಿದ್ದು ಆಕ್ಕೈತಂತ. ಚಳಿಗಾಲಕ್ಕ ಮಂಗೋಲಿಯಾ, ಟಿಬೆಟ್ ಕಡೆಯಿಂದ ಗದಗ ಜಿಲ್ಲಾದ ಮಾಗಡಿ ಕೆರಿಗೆ ಹೆಬ್ಬಾತು ಬಂದು ಇಳದಂಗ ನಮ್ಮ ಫ್ರಿಜ್ಜು, ಟಿವಿ, ದೇವರ ಮಾಡ ಎಲ್ಲಾ ಕಡೆ ಹಿಂಡು ಇಳದಾವ. ಅವು ಚಳಿ ಮುಗದ ಮ್ಯಾಲ ತಿರುಗಿ ಹೋಗ್ತಾವ. ಇವು ಹೋಗಂಗಿಲ್ಲ. ಧೂಳಾ ನಾ ಜಾಡಿಸ್ಬೇಕು.

"1995ರಾಗ ಜಪಾನಿನವ್ರು ಉಪಗ್ರಹದ ಸೋಲಾರ್ ಫಲಕಾನೂ ಹಿಂಗ ಮಡಚಿ ಆಕಾಶಕ್ಕ ಕಳಿಸ್ಯಾರ, ಗೊತ್ತೇನು?" ಅಂದ್ರು ಮೊನ್ನೆ.

"ಅದು ಇರಲಿ, ನೀವು ಹೊದ್ದ ಚಾದರ ಮಡಚ್ರಿ ಮೊದಲ" ಅಂದೆ. ಮೂವತ್ತಾರು ವರ್ಷದ ಸಂಸಾರದಾಗ ಒಂದ ಚಾದರ ಮಡಚಿದ್ದು ನಾ ಕಂಡಿಲ್ಲ.

ಇನ್ನ ಪರಿಸರದ ಮಾತು. ರದ್ದಿ ಪೇಪರ್ ಒರಟ ಆಕ್ಕೈತಂತ ಬಣ್ಣದ ಕಾಗದ ಆನ್‌ಲೈನ್ ತರಿಸಿದ್ರು. ಅಂಗೈ ಅಗಲದ ನೂರು ಹಾಳಿ. ಅದಕ್ಕೊಂದು ಪ್ಲಾಸ್ಟಿಕ್ ಕವರು, ಮ್ಯಾಲ ಗುಳ್ಳಿ ಗುಳ್ಳಿ ಪ್ಲಾಸ್ಟಿಕ್ಕು, ಅದರ ಮ್ಯಾಲ ಡಬ್ಬಿ, ಡಬ್ಬಿಗೆ ಸುತ್ತ ಟೇಪು. ನಾನು ಹಳೇ ಸೀರಿ ಹರದು ಕೌದಿ ಹೊಲಸಿದ್ರ ಅದು ಜಿಪುಣತನ, ಹಾಲಿನ ಪಾಕೀಟು ತೊಳದು ಒಣಗಸಿದ್ರ ಹುಚ್ಚು. ಇವರು ಒಂದು ಕೊಕ್ಕರಿ ಮಾಡಿದ್ರ ಭೂಮಿ ಉಳೀತು!

ಆದ್ರ ಅವರ ಬೆರಳು ಓಡೋದು ನೋಡಬೇಕು. ನಮ್ಮ ಮಾವಾರದು ಗದಗಿನಾಗ ಕಿರಾಣಿ ಅಂಗಡಿ ಇತ್ತು. ಸಾಲಿ ಬಿಟ್ಟ ಮ್ಯಾಲ ಇವರು ಅಲ್ಲೇ ಕುಂತು ಕಾಗದದ ಪುಡಿಕಿ ಕಟ್ಟತಿದ್ರಂತ. ಮ್ಯಾಲ ದಾರದ ಉಂಡಿ ತೂಗತಿತ್ತು; ಜಗ್ಗಿ, ಸುತ್ತಿ, ಪಟ್ಟಂತ ಹರಿಯೋದು. ಆ ದಾರಾನೂ ನಮ್ಮವ್ವನಂಥವ್ರು ಒಗೀತಿದ್ದಿಲ್ಲ, ಗ್ವಾಡಿ ಮೊಳಿಗೆ ಸುತ್ತಿ ಇಡ್ತಿದ್ರು. "ಅಪ್ಪ ಸಾಸಿವಿ ಪುಡಿಕಿ ಕಟ್ಟಿದ್ರ ಒಂದು ಕಾಳು ಸೋರತಿದ್ದಿಲ್ಲ" ಅಂದ್ರು ನಿನ್ನೆ ರಾತ್ರಿ, ನಾ ಬೈದು ಮುಗಿಸಿದ ಮ್ಯಾಲ, ಕೈಯಾಗಿನ ಕಾಗದ ನೋಡಕೋತ. ಆ ಅಂಗಡಿ ಹೋಗಿ ಭಾಳ ವರ್ಷ ಆತು. ನಾ ಸುಮ್ಮನ ಚಹಾ ಕೊಟ್ಟೆ.

ಇವತ್ತು ಮುಂಜಾನೆ ಫ್ರಿಜ್ ಮ್ಯಾಲ ಹೊಸಾದೊಂದು ಕಪ್ಪಿ ಕುಂತಿತ್ತು. ಹೊಟ್ಟಿ ಮ್ಯಾಲ ನಮ್ಮ ಮೀಟರ್ ನಂಬರು. ಕರೆಂಟ್ ಬಿಲ್ಲು. ಕಟ್ಟೋದು ಇವತ್ತ ಕಡೀ ದಿನ. "ಬೆನ್ನು ಒತ್ತು, ಜಿಗೀತೈತಿ" ಅಂದ್ರು ಒಳಗಿಂದ.

ಒತ್ತಿದೆ. ಫ್ರಿಜ್ಜಿನ ಹಿಂದ ಬಿತ್ತು.