ನಿದ್ದೆ ಬರದವರು ಯಾರ್ರೀ?

ಮೂರು ತಿಂಗಳಿಂದ ನನಗೆ ನಿದ್ದೆ ಸರಿ ಇರಲಿಲ್ಲ. ಮನೆಯವಳ ಕಾಟ ತಾಳಲಾರದೆ ಮನೋವೈದ್ಯರ ಹತ್ತಿರ ಹೊರಟೆ. ಊರವರ ಕಣ್ಣಿಗೆ ಬೀಳಬಾರದು ಅಂತ ಪಕ್ಕದ ತಾಲ್ಲೂಕಿನ ಆಸ್ಪತ್ರೆ ಹುಡುಕಿದ್ದೆ. ಮಾಸ್ಕ್ ಬೇರೆ ಹಾಕಿಕೊಂಡಿದ್ದೆ. ಚೀಟಿ ಮಾಡಿಸಿ ಮೂಲೆಯ ಬೆಂಚಿನಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ಬಾಗಿಲ ಬಳಿಯ ಅಟೆಂಡರ್ ಎದ್ದು ನಿಂತ.

"ನಿದ್ದೆ ಬರದವರು ಯಾರ್ರೀ? 37!"

ಜಾತ್ರೆಯಲ್ಲಿ ಮಗು ಕಳೆದುಹೋಗಿದೆ ಅಂತ ಮೈಕಿನಲ್ಲಿ ಹೇಳುವವರೂ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಇಡೀ ಹಾಲ್ ನನ್ನ ಕಡೆ ತಿರುಗಿತು. ಪಕ್ಕದ ಅಜ್ಜಿ "ಮಲಗೋ ಮುಂಚೆ ಅಂಗಾಲಿಗೆ ಹರಳೆಣ್ಣೆ ಹಚ್ಚಪ್ಪಾ" ಅಂದರು. ಚಿಕಿತ್ಸೆ ಅಲ್ಲಿಂದಲೇ ಶುರು.

ಒಳಗೆ ಡಾಕ್ಟರ ಎದುರು ಒಂದು ಸ್ಟೂಲು. ಸ್ಟೂಲಿನ ಬೆನ್ನಿಗೆ 38, 39, 40ನೇ ನಂಬರಿನವರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರನ್ನೇ ಬಿಟ್ಟರೆ ಟೈಮ್ ವೇಸ್ಟಂತೆ. "ಹೆಂಡತಿ ಜೊತೆ ಹೇಗಿದ್ದೀರಿ?" ಅಂತ ಡಾಕ್ಟರು ಕೇಳಿದರು. 38 ಸ್ವಲ್ಪ ಮುಂದಕ್ಕೆ ಬಗ್ಗಿತು. "ಚೆನ್ನಾಗಿದ್ದೀವಿ ಸಾರ್" ಅಂದೆ. ಫೈಲಿನಲ್ಲಿ ಹಾಗೇ ಬರೆದುಕೊಂಡರು.

ನಮ್ಮಲ್ಲಿ ಕಾನೂನಿಗೇನೂ ಬರ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ. ರೋಗಿಯ ಕಾಯಿಲೆ, ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು, ಅದು ಅವನ ಹಕ್ಕು ಅಂತ ಅದರ 23ನೇ ಸೆಕ್ಷನ್ ಹೇಳುತ್ತದೆ. ಅದೇ ವರ್ಷ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ಕೇಸು ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮವರೇ! ಅವರು ದೆಹಲಿಯಲ್ಲಿ ಗೆದ್ದು ಕೊಟ್ಟ ಹಕ್ಕು ನಮ್ಮ ಓಪಿಡಿ ಬಾಗಿಲಲ್ಲಿ ಇನ್ನೂ ಚೀಟಿ ಹಿಡಿದು ನಿಂತಿದೆ.

ಮಾತ್ರೆ ನುಂಗಿದರೂ ನಿದ್ದೆ ಬರಲಿಲ್ಲ. ಬೆಂಗಳೂರಿನಲ್ಲಿ ಇನ್ನೊಬ್ಬರಿಗೆ ತೋರಿಸೋಣ ಅಂತ ಫೈಲಿನ ಜೆರಾಕ್ಸ್ ಕೇಳಲು ಹೋದೆ. ರೆಕಾರ್ಡ್ ರೂಮಿನವರು ಹೌಹಾರಿದರು.

"ಅದು ಕಾನ್ಫಿಡೆನ್ಷಿಯಲ್ ಸಾರ್. ಯಾರಿಗೂ ಕೊಡಲ್ಲ."

"ಪೇಷಂಟ್ ನಾನೇ ಅಲ್ವಾ?"

"ಪೇಷಂಟಿಗಂತೂ ಕೊಡೋದೇ ಇಲ್ಲ."

ಫೈಲು ಅವರ ಹಿಂದಿನ ಕಿಟಕಿ ಕಟ್ಟೆಯ ಮೇಲೆ ಬಿದ್ದಿತ್ತು. ಅದರ ಮೇಲೊಂದು ಟೀ ಲೋಟ. ಬಂದು ಹೋಗುವವರೆಲ್ಲ ಓದಬಹುದಾಗಿತ್ತು, ನನ್ನೊಬ್ಬನನ್ನು ಬಿಟ್ಟು.

ಅದೇ ಕಾಯ್ದೆಯ 25ನೇ ಸೆಕ್ಷನ್ ರೋಗಿಗೆ ತನ್ನ ದಾಖಲೆ ನೋಡುವ ಹಕ್ಕು ಕೊಡುತ್ತದೆ. ಓದಿದರೆ ರೋಗಿಯ ಮನಸ್ಸಿಗೆ ತೀವ್ರ ಹಾನಿಯಾಗುತ್ತದೆ ಅನಿಸಿದರೆ, ಅಥವಾ ಬೇರೆಯವರಿಗೆ ಅಪಾಯ ಇದ್ದರೆ, ಅಷ್ಟು ಭಾಗ ಮಾತ್ರ ತಡೆಹಿಡಿಯಬಹುದು. ಆಗಲೂ ಇಂಥ ದೂರು ಕೇಳುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಹಾಕಬಹುದು ಅಂತ ರೋಗಿಗೆ ತಿಳಿಸಬೇಕು. ನನ್ನ ಫೈಲಿನಲ್ಲಿ ನನಗೇ ಶಾಕ್ ಕೊಡುವ ವಾಕ್ಯ ಏನಿರಬಹುದು ಅಂತ ತುಂಬಾ ಯೋಚಿಸಿದೆ. ಒಂದೇ ಒಂದು ಹೊಳೆಯಿತು: ಹೆಂಡತಿ ಜೊತೆ ಚೆನ್ನಾಗಿದ್ದಾನೆ.

ಮೇಲಿನವರಿಗೆ ದೂರು ಕೊಡಲು ಹೋದೆ. ಅವರು ಕುರ್ಚಿ ಕೊಟ್ಟು, ನೀರು ಕೊಟ್ಟು ಹೇಳಿದರು: "ಎಲ್ಲಾ ಕಡೆ ಹೀಗೇ ಸಾರ್."

ಈ 'ಎಲ್ಲಾ ಕಡೆ ಹೀಗೇ' ಅನ್ನುವ ಮಾತನ್ನು ಹಗುರವಾಗಿ ತಗೋಬೇಡಿ. ಇದಕ್ಕೆ ಇಂಗ್ಲೆಂಡಿನ ವಂಶಾವಳಿ ಇದೆ. 1954ರಲ್ಲಿ ಲಂಡನ್ನಿನ ಫ್ರೈರ್ನ್ ಮಾನಸಿಕ ಆಸ್ಪತ್ರೆಯಲ್ಲಿ ಬೋಲಮ್ ಅನ್ನುವ ರೋಗಿಗೆ ಚಿಕಿತ್ಸೆ ಅಂತ ತಲೆಗೆ ಕರೆಂಟ್ ಕೊಟ್ಟರು. ಸ್ನಾಯು ಸಡಿಲಿಸುವ ಔಷಧಿ ಕೊಡಲಿಲ್ಲ. ಅಪಾಯ ಇದೆ ಅಂತಲೂ ಹೇಳಲಿಲ್ಲ. ಮೈ ಎಗರಿ ಸೊಂಟದ ಮೂಳೆ ಮುರಿಯಿತು. ಅವನು ಕೋರ್ಟಿಗೆ ಹೋದ. 1957ರಲ್ಲಿ ಗೆದ್ದಿದ್ದು ಆಸ್ಪತ್ರೆ. ಔಷಧಿ ಇಲ್ಲದೆ ಕರೆಂಟ್ ಕೊಡುವ ಡಾಕ್ಟರುಗಳು ಬೇರೆ ಕಡೆಯೂ ಇದ್ದರಲ್ಲ! ತಿಳಿದ ವೈದ್ಯರ ಒಂದು ಗುಂಪು ಸರಿ ಅಂದರೆ ಅದು ನಿರ್ಲಕ್ಷ್ಯ ಅಲ್ಲ, ಇನ್ನೊಂದು ಗುಂಪು ತಪ್ಪು ಅಂದರೂ. ಇದೇ ಬೋಲಮ್ ಪರೀಕ್ಷೆ. 2005ರಲ್ಲಿ ಜೇಕಬ್ ಮ್ಯಾಥ್ಯೂ ಅನ್ನುವ ಡಾಕ್ಟರ ಮೇಲಿನ ನಿರ್ಲಕ್ಷ್ಯದ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ಆಮೇಲೆ 2017ರ ಕಾಯ್ದೆ ಬಂತು. ಅರಿವಳಿಕೆ ಮತ್ತು ಆ ಔಷಧಿ ಇಲ್ಲದೆ ಕರೆಂಟ್ ಕೊಡಲೇಬಾರದು ಅಂದಿತು. ಬೋಲಮ್ ಹೇಳಿದ್ದು ನಮಗೆ ಕೇಳಿಸಲು ಸರಿಯಾಗಿ 60 ವರ್ಷ ಹಿಡಿಯಿತು.

ಚಿಕಿತ್ಸೆ ಫಲಿಸದಿದ್ದಾಗೆಲ್ಲ ಡಾಕ್ಟರನ್ನು ಜೈಲಿಗೆ ಹಾಕಬಾರದು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಬಾಗಿಲಲ್ಲಿ ಕಾಯಿಲೆ ಕೂಗುವುದು ಯಾವ ಚಿಕಿತ್ಸಾ ಪದ್ಧತಿ ಸ್ವಾಮಿ?

ಹೀಗೆಲ್ಲ ಬರೆದು ಒಂದು ಅರ್ಜಿ ಕೊಟ್ಟೆ. ಈ ಕಾಯ್ದೆ ಮೀರಿದರೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಎರಡೂ ಹಾಕಬಹುದು ಅಂತ ಕೊನೆಯಲ್ಲಿ ಸೇರಿಸಿದೆ. ಅದು ನಾಟಿತು ಅಂತ ಕಾಣುತ್ತದೆ. ಮುಂದಿನ ಸಲ ಹೋದಾಗ ಬಾಗಿಲಿಗೆ ಹೊಸ ಪರದೆ. ಗೋಡೆಯ ಮೇಲೆ 'ಗೌಪ್ಯತೆ ಕಾಪಾಡಿ' ಅನ್ನುವ ಬೋರ್ಡು. ಅಟೆಂಡರ್ ಬಾಯಿ ಮುಚ್ಚಿಕೊಂಡು ಕೂತಿದ್ದ. ನನಗೆ ಆ ಹಾಲಿನಲ್ಲೇ ತೂಕಡಿಕೆ ಬಂತು. ಅಷ್ಟರಲ್ಲಿ ಅವನು ಪರದೆ ಸರಿಸಿ ತಲೆ ಹೊರಗೆ ಹಾಕಿದ.

"ಹೆಸರು ಕೂಗಬೇಡಿ ಅಂತ ಅರ್ಜಿ ಕೊಟ್ಟಿದ್ರಲ್ಲ, ನಿದ್ದೆ ಮಾತ್ರೆ ಸಾರು, ಅವರು ಬಂದಿದ್ದಾರೇನ್ರೀ?"

ಹಾಲ್ ತಿರುಗಿತು. ನಾನು ಎದ್ದೆ.