ಅಪ್ರೆಂಟಿಸ್ ಸೇರಿದರೆ ಕೆಲಸ ಖಾಯಂ? ಇಲ್ಲ

‘ಐಟಿಐ ಮುಗಿಸಿ ಅಪ್ರೆಂಟಿಸ್ ಸೇರಿದರೆ ಅದೇ ಕಂಪನಿಯಲ್ಲಿ ನೌಕರಿ ಖಾಯಂ’ ಎಂಬ ಸಂದೇಶ ಮಡಿಕೇರಿ, ಕುಶಾಲನಗರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡುವ ಷರತ್ತು ಒಪ್ಪಂದದಲ್ಲೇ ಇದ್ದರೆ ಮಾತ್ರ ಮಾಲೀಕರು ಅದಕ್ಕೆ ಬದ್ಧರು. ಬಾಯಿಮಾತು ಲೆಕ್ಕಕ್ಕಿಲ್ಲ.

30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಪ್ರಮಾಣ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15. 4ರಿಂದ 29 ಮಂದಿ ಇರುವ ಕಡೆ ಅದು ಐಚ್ಛಿಕ. ಹಾಗಾಗಿ ಸಣ್ಣ ಹೋಂಸ್ಟೇ, ಗ್ಯಾರೇಜುಗಳನ್ನು ‘ಕಾನೂನು ಇದೆ’ ಎಂದು ಒತ್ತಾಯಿಸಿ ಪ್ರಯೋಜನವಿಲ್ಲ.

ಅಪ್ರೆಂಟಿಸ್ ಆಗಲು ಹೊರಟವರು ಎಡವುವುದು ಹೆಚ್ಚಾಗಿ ದಾಖಲೆಯಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಒಂದೇ ಅಕ್ಷರ, ಆಧಾರ್‌ನಲ್ಲಿ ಪೂರ್ತಿ. ನಮ್ಮ ಜಿಲ್ಲೆಯಲ್ಲಿ ಇದು ಮಾಮೂಲು. ನೋಂದಣಿಗೆ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ಗೆ ಹೋಗುವ ಮೊದಲೇ ಎರಡನ್ನೂ ಹೊಂದಿಸಿ. ಕೇಂದ್ರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ (ಎನ್‌ಎಪಿಎಸ್) ಸ್ಟೈಪೆಂಡ್‌ನಲ್ಲಿ, ಅಂದರೆ ತರಬೇತಿ ಭತ್ಯೆಯಲ್ಲಿ, ಸರ್ಕಾರದ ಪಾಲು ಶೇ 25, ತಿಂಗಳಿಗೆ ಗರಿಷ್ಠ 1,500 ರೂಪಾಯಿ. ಅದು ನೇರ ಅಭ್ಯರ್ಥಿಯ ಖಾತೆಗೇ ಬರುತ್ತದೆ; ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ನಿಂತುಹೋಗುತ್ತದೆ. ಉಳಿದದ್ದು ಮಾಲೀಕರ ಹೊಣೆ.

ಒಪ್ಪಂದ ಪೋರ್ಟಲ್‌ನಲ್ಲಿ ನೋಂದಣಿಯಾಗದೆ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ವರ್ಷವಿಡೀ ದುಡಿದರೂ ಅಪ್ರೆಂಟಿಸ್ ಪ್ರಮಾಣಪತ್ರ ಸಿಗದು.