ಗ್ಯಾಸ್‌ಗೆ ಬೇರೆ, ಧೂಳಿಗೆ ಬೇರೆ

ಧೂಳು ಹೊತ್ತಿ ಸ್ಫೋಟಿಸಬಹುದಾದ ಮೆಕ್ಕೆಜೋಳದ ಘಟಕಕ್ಕೆ 'ಫ್ಲೇಮ್‌ಪ್ರೂಫ್ ಮೋಟಾರ್ ಹಾಕಿದರೆ ಸಾಕು' ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಮಾತ್ರ ಸರಿ ಸರ್. ಫ್ಲೇಮ್‌ಪ್ರೂಫ್, ಅಂದರೆ 'ಎಕ್ಸ್ ಡಿ' ಗುರುತಿನ ಮೋಟಾರ್, ಹೊತ್ತಿಕೊಳ್ಳುವ ಗ್ಯಾಸ್ ಇರುವ ಕಡೆಗೆ ಮಾಡಿದ್ದು. ಒಳಗೆ ಸ್ಫೋಟವಾದರೂ ಬೆಂಕಿ ಹೊರಗೆ ದಾಟುವುದಿಲ್ಲ. ಧೂಳಿನ ಕತೆ ಬೇರೆ. ಅದು ಮೋಟಾರಿನ ಒಳಗೇ ಹೋಗಬಾರದು, ಮೋಟಾರಿನ ಮೈಯೂ ಜಾಸ್ತಿ ಬಿಸಿಯಾಗಬಾರದು. ಹಾಗಾಗಿ ಆಗಾಗ ಧೂಳು ಏಳುವ ಜಾಗಕ್ಕೆ, ಅಂದರೆ ಜೋನ್ 21ಕ್ಕೆ, ಎಕ್ಸ್ ಟಿಬಿ (ಧೂಳಿರುವ ಕಡೆಗೆಂದೇ ಮಾಡಿದ ಮೋಟಾರಿನ ಗುರುತು), ಐಪಿ 65 (ಧೂಳು, ನೀರು ಒಳಗೆ ಹೋಗದಂತೆ ತಡೆಯುವ ದರ್ಜೆ) ಕೇಳಿ ತೆಗೆದುಕೊಳ್ಳಬೇಕು.

ಬಿಸಿಯ ಮಿತಿಗೆ ಲೆಕ್ಕ ಇದೆ. 5 ಮಿ.ಮೀ. ಧೂಳಿನ ಪದರ ಹೊತ್ತಿಕೊಳ್ಳುವ ಉಷ್ಣತೆಯಲ್ಲಿ 75 ಡಿಗ್ರಿ ಕಳೆಯಿರಿ. ಹಾರುವ ಧೂಳು ಹೊತ್ತಿಕೊಳ್ಳುವ ಉಷ್ಣತೆಯ ಮೂರನೇ ಎರಡು ಭಾಗ ಎಷ್ಟೆಂದು ನೋಡಿ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಪದರ ದಪ್ಪವಾದರೆ ಈ ಲೆಕ್ಕ ನಡೆಯುವುದಿಲ್ಲ, ಗುಡಿಸಲೇಬೇಕು! ವಿಎಫ್‌ಡಿ (ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ) ಹಾಕುವುದಾದರೆ ಮೋಟಾರಿನ ಸರ್ಟಿಫಿಕೇಟ್‌ನಲ್ಲಿ ಅದೂ ಇರಲಿ. ನಿಧಾನಕ್ಕೆ ತಿರುಗುವಾಗ ಫ್ಯಾನ್ ಗಾಳಿ ಸಾಲುವುದಿಲ್ಲ ಅಲ್ವಾ?

ಇನ್ನೊಂದು ಮಾತು. 1998ರಲ್ಲಿ ಅಮೆರಿಕದ ಕಾನ್ಸಾಸ್‌ನ ಧಾನ್ಯ ಎಲಿವೇಟರ್ (ಧಾನ್ಯ ಮೇಲೆತ್ತಿ ಸಂಗ್ರಹಿಸುವ ಎತ್ತರದ ಕಟ್ಟಡ) ಸ್ಫೋಟದಲ್ಲಿ 7 ಜನ ಸತ್ತರು. ತನಿಖೆ ಬೊಟ್ಟು ಮಾಡಿದ್ದು ಮೋಟಾರಿನ ಕಡೆಗಲ್ಲ, ಗ್ರೀಸ್ ಕಾಣದೆ ಜಾಮ್ ಆದ ಕನ್ವೇಯರ್ ರೋಲರ್‌ನ ಬೇರಿಂಗ್ ಕಡೆಗೆ. ಬೇರಿಂಗ್‌ಗೆ ಟೆಂಪರೇಚರ್ ಸೆನ್ಸರ್ ಹಾಕುವುದನ್ನೂ ಲೇಖನದಲ್ಲಿ ಸೇರಿಸಿ.